ಅಡಿಕೆಗಿರೂ ಟೆಂಡರು ಕಾಫಿಗ್ಯಾಕಿಲ್ಲ? ಸಹಕಾರಿ ಸಂಘಗಳ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರ ಸಹಕಾರಿ ಸಂಘಗಳ ಮಾನ್ಯ ಅಧ್ಯಕ್ಷರಿಗೆ ಮತ್ತು ಆಡಳಿತ ಮಂಡಳಿಯ ಎಲ್ಲ ಸದಸ್ಯರಿಗೆ,

ವಿಷಯ: ಸಣ್ಣ ಬೆಳೆಗಾರರ ಕಾಫಿಗೆ ಸರಿಯಾದ ತೂಕ, ಎದುರಲ್ಲೇ ಪರೀಕ್ಷೆ, ಬಹಿರಂಗ ದರ ಸಿಗೂ ಬಗ್ಗೆ.

ಮಾನ್ಯರೇ, ನಮಸ್ಕಾರ.

ನಾನು ಕುಮಟಾದಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರೂ ಒಂದು ಸಣ್ಣ ಅಂಗಡಿ ನಡೆಸ್ತೇನೆ. ಮೂಲ ಘಟ್ಟದ ಮೇಲಿನವನೇ, ಸಿದ್ದಾಪುರದ ಕಡೆ, ಹಾಗಾಗಿ ತಮ್ಮ ಸಂಘಗಳು ನಂಗೆ ಹೊಸತಲ್ಲ, ಅಪ್ಪ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮೂಟೆ ಹೇರಿಕೊಂಡು ಸಂಘದ ವಖಾರಿಗೆ, ಅಂದ್ರೆ ಗೋದಾಮಿಗೆ, ಹೋಗ್ತಿದ್ದ ಕಾಲದಿಂದ ನೋಡ್ತಾ ಬಂದಿದ್ದೇನೆ. ಒಂದು ಮಾತು ಮೊದ್ಲೇ ಹೇಳಿಬಿಡ್ತೇನೆ, ನಾನೂ ವ್ಯಾಪಾರಿನೇ. ನಂಗೆ ಒಳ್ಳೆ ಬೀಜ ಬೇಕು, ಯಾರ ತೋಟದ್ದು ಅಂತ ಗೊತ್ತಿರೂ ಬೀಜ ಬೇಕು, ಅದು ವರ್ಷವರ್ಷವೂ ಸಿಗ್ಬೇಕು. ಸಮಾಜಸೇವೆ ಮಾಡ್ತಿದ್ದಾನೆ ಅಂತ ಯಾರೂ ತಿಳ್ಕೊಳ್ಳೂದು ಬೇಡ. ಆದ್ರೆ ಆ ಬೀಜ ಸಿಗ್ಬೇಕು ಅಂದ್ರೆ ಬೆಳೆದವರಿಗೆ ನ್ಯಾಯವಾದ ದುಡ್ಡು ಸಿಗ್ಲೇಬೇಕು, ಅದು ಈಗ ಸಿಗ್ತಾ ಇಲ್ಲ, ಸಿಗೂ ಹಾಗೆ ಮಾಡೂ ಶಕ್ತಿ ಇರೂದು ತಮ್ಮ ಕೈಯಲ್ಲಿ ಮಾತ್ರ. ಅದಕ್ಕೇ ಇಷ್ಟುದ್ದ ಪತ್ರ.

ಹದಿನೈದು ಇಪ್ಪತ್ತು ವರ್ಷದ ಹಿಂದೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಾಫಿ ಅಂದ್ರೆ ಮನೆ ಖರ್ಚಿಗೆ ಬೇಲಿ ಪಕ್ಕ ನಾಲ್ಕು ಗಿಡ, ಅಷ್ಟೆ. ಬೆಳಿಗ್ಗೆ ಎದ್ರೆ ಕಷಾಯ ಕುಡಿಯೂ ಜನ ನಾವು. ಈಗ ಹಾಗಿಲ್ಲ. ಅಡಿಕೆಗೆ ಎಲೆಚುಕ್ಕೆ ರೋಗ ಬಂದು ಒಂದೊಂದು ಊರಿನ ತೋಟವೇ ಸೊರಗಿ ನಿಂತಿದೆ, ಕೊಳೆ ರೋಗ ಅಂತೂ ಹೇಗೂ ಇತ್ತು, ಮದ್ದು ಹೊಡೆಯೂಕೆ ಮರ ಹತ್ತೂ ಕೊನೆಗೌಡ ಸಿಗೂದಿಲ್ಲ, ಸಿಕ್ಕಿದ್ರೂ ಮಳೆ ಬಿಡೂದಿಲ್ಲ. ಒಂದೇ ಬೆಳೆ ನಂಬಿ ಕೂತ್ರೆ ಆಗ್ಲಿಕ್ಕಿಲ್ಲ ಅಂತ ಜನ ಒಂಬತ್ತು ಅಡಿ ಅಂತರದ ಅಡಿಕೆ ಮರಗಳ ನಡುವೆ, ನಾಲ್ಕು ಮರದ ಮಧ್ಯಕ್ಕೊಂದು ಅಂತ ರೊಬಸ್ಟಾ ಜಾತಿಯ ಕಾಫಿ ಹಚ್ಚಿದ್ರು. ಅಷ್ಟರಲ್ಲಿ 2024ರಲ್ಲಿ ರೇಟು ಏರ್ತು. ವಿಯೆಟ್ನಾಮಿನಲ್ಲಿ ಬರ ಬಿದ್ದಿತ್ತು, ಅಲ್ಲಿಯ ಎಷ್ಟೋ ರೈತರು ಕಾಫಿ ಬಿಟ್ಟು ಡುರಿಯನ್ ಹಣ್ಣಿನ ಕಡೆ ತಿರುಗಿದ್ರು, ಲಂಡನ್ ಮಾರ್ಕೆಟ್ಟಿನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟ್ತು, ನಮ್ಮ ಕರ್ನಾಟಕದಲ್ಲಿ 50 ಕೆಜಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆ 10,000 ರೂಪಾಯಿ ಮುಟ್ಟಿ ಮೇಲೆ ಹೋಯ್ತು. ನಾಲ್ಕು ವರ್ಷ ಮೊದ್ಲು ಅದೇ ಮೂಟೆ ಮೂರೂವರೆ ಸಾವಿರದ ಆಸುಪಾಸಿನಲ್ಲಿತ್ತು. ಸುದ್ದಿ ನೋಡಿದವರೆಲ್ಲ ನರ್ಸರಿಗೆ ಓಡಿದ್ರು. ಈಗ ಘಟ್ಟದ ಮೇಲೆ ಯಾವ ತೋಟಕ್ಕೆ ಇಳಿದ್ರೂ ಕಾಫಿ ಗಿಡ ಕಾಲಿಗೆ ಸಿಗ್ತದೆ.

ಆದ್ರೆ ಪೇಪರಿನಲ್ಲಿ ಬಂದ ರೇಟು ಬೇರೆ, ನಮ್ಮ ಜನರ ಕೈಗೆ ಬಂದದ್ದು ಬೇರೆ. ನಾನು ಎದುರಿಗೆ ನಿಂತು ನೋಡಿದ್ದನ್ನೇ ಹೇಳ್ತೇನೆ.

ಕಳೆದ ಫೆಬ್ರವರಿಯಲ್ಲಿ ಸಿದ್ದಾಪುರ ತಾಲೂಕಿನ ಒಂದು ಮನೆಗೆ ಬೀಜದ ಸ್ಯಾಂಪಲ್ ತಗೊಳ್ಳೂಕೆ ಹೋಗಿದ್ದೆ. ಒಂದೂವರೆ ಎಕರೆ ಭಾಗಾಯ್ತು, ಅಂದ್ರೆ ಅಡಿಕೆ ತೋಟ, ಮನೆಯಲ್ಲಿ ಗಂಡ ಹೆಂಡ್ತಿ ಮತ್ತೆ ವಯಸ್ಸಾದ ಅಪ್ಪಯ್ಯ. ಅಂಗಳದ ಒಂದು ಬದಿ ಚಾಲಿ, ಇನ್ನೊಂದು ಬದಿ ಕಾಫಿ ಒಣಗಿಸಿದ್ರು, 11 ಮೂಟೆ ಆಗಿತ್ತು. ಅಷ್ಟೊತ್ತಿಗೆ ಒಂದು ಪಿಕಪ್ ಬಂತು. ಬಂದವನು ಮೂಟೆ ಬಾಯಿ ಬಿಚ್ಚಿ ಒಂದು ಮುಷ್ಟಿ ಚೆರಿ ತೆಗೆದ, ಎರಡು ಒಡೆದು ಬೀಜ ಹಲ್ಲಿಗೆ ಕೊಟ್ಟು ಕಚ್ಚಿದ, "ಹಸಿ ಅದೆ, 24ರ ಮೇಲೆ ಬರೂದಿಲ್ಲ" ಅಂದ. ಅಂದ್ರೆ 50 ಕೆಜಿ ಒಣ ಚೆರಿ ಒಡೆದ್ರೆ 24 ಕೆಜಿ ಬೀಜ, ಔಟ್‌ಟರ್ನ್ 24. ಮಾವಿನ ಟೊಂಗೆಗೆ ತೂಗೂ ಕೊಕ್ಕೆ ಸಿಗಿಸಿದ, ಪ್ರತಿ ಮೂಟೆಗೆ ಗೋಣಿ ಅಂತ ಒಂದು ಕೆಜಿ, ಕಸ ಅಂತ ಇನ್ನೊಂದು ಕೆಜಿ ಕಳೆದ. ಗೋಣಿ ನಿಜವಾಗಿ ಎಷ್ಟು ತೂಗ್ತದೆ ಅಂತ ಖಾಲಿ ಗೋಣಿ ಒಂದನ್ನು ಕೊಕ್ಕೆಗೆ ಹಾಕಿ ನೋಡುವ ಅಂದೆ, ಅವನಿಗೆ ಅರ್ಜೆಂಟಿತ್ತು.

ಆ ಮನೆಯ ಅಕ್ಕ ಸುಮ್ನೆ ಕೂರುವವರಲ್ಲ. ಒಂದು ಕೆಜಿ ಚೆರಿ ಅಳೆದು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ಗೆರಸೆಯಲ್ಲಿ ಕೇರಿ, ಸಿಪ್ಪೆ ಹಾರಿಸಿ, ಚೂರಾದದ್ದನ್ನೂ ಕೈಯಲ್ಲಿ ಹೆಕ್ಕಿ, ಕೇಕಿಗೆ ಮೈದಾ ತೂಗೂ ಅಡುಗೆಮನೆ ಮಷಿನ್ನಿನ ಮೇಲೆ ಇಟ್ರು. 535 ಗ್ರಾಂ. ಅಂದ್ರೆ 50 ಕೆಜಿಗೆ 26 ಮುಕ್ಕಾಲು. ಪಿಕಪ್ಪಿನವ ನಕ್ಕ. "ಒರಳಲ್ಲಿ ಕುಟ್ಟಿದ್ದು ಲೆಕ್ಕಕ್ಕೆ ಬರೂದಿಲ್ಲ ಅಕ್ಕಾ, ನಮ್ಮ ಮಷಿನ್ನಿಗೆ ಹಾಕಿದ್ರೆ 24ಕ್ಕೇ ನಿಲ್ತದೆ." ಆ ಮಷಿನ್ನು ಎಲ್ಲಿದೆ, ಯಾರು ನೋಡಿದ್ದಾರೆ? ಯಾರೂ ಇಲ್ಲ. ಜಗುಲಿ ಮೇಲೆ ಕೂತಿದ್ದ ಅಪ್ಪಯ್ಯ ನನ್ನ ಮುಖ ನೋಡಿ ಹೇಳಿದ್ದಿಷ್ಟೇ, "ಅಂವ ಹೇಳಿದ್ದೇ ರೇಟು ತಮಾ, ಎಂಗಕ್ಕೆಂತ ಗೊತ್ತಾಗ್ತು (ನಮಗೇನು ಗೊತ್ತಾಗ್ತದೆ)." ಮೂಟೆ ಅಷ್ಟೂ ಪಿಕಪ್ ಹತ್ತಿದ್ವು, ಯಾಕಂದ್ರೆ ಕೊಯ್ಲಿನ ಆಳಿನ ಸಂಬಳಕ್ಕೆ ಅವನ ಹತ್ರವೇ ಮುಂಗಡ ತಗೊಂಡಾಗಿತ್ತು.

ಲೆಕ್ಕ ಹಾಕಿ ನೋಡಿ. ಬೀಜಕ್ಕೆ ಕೆಜಿಗೆ 350 ರೂಪಾಯಿ ಅಂತಲೇ ಇಟ್ಕೊಳ್ಳುವ. 24ಕ್ಕೆ ಮೂಟೆಗೆ 8,400 ಆಗ್ತದೆ. 26 ಮುಕ್ಕಾಲಿಗೆ 9,362 ಆಗ್ತದೆ. ಒಂದೊಂದು ಮೂಟೆಗೆ 962 ರೂಪಾಯಿ, 11 ಮೂಟೆಗೆ ಹತ್ತೂವರೆ ಸಾವಿರ, ಗೋಣಿ ಮತ್ತೆ ಕಸದ ಲೆಕ್ಕ ಬೇರೆ. ರೇಟಿನಲ್ಲಿ ಆದ ಮೋಸ ಅಲ್ಲ ಇದು, ರೇಟು ಅವನು ಸರಿಯಾಗೇ ಹೇಳಿದ್ದ. ಹಲ್ಲಲ್ಲಿ ಕಚ್ಚಿ ನೋಡಿ ಹೇಳಿದ ಒಂದು ಅಂಕಿಯಲ್ಲಿ ಆ ದುಡ್ಡು ಹೋಯ್ತು. ಜನ ರೇಟಿನ ಬಗ್ಗೆ ಮಾತ್ರ ಫೋನ್ ಮಾಡಿ ಮಾಡಿ ವಿಚಾರಿಸ್ತಾರೆ, ಔಟ್‌ಟರ್ನ್ ಎಷ್ಟು ಹಿಡಿದ್ರು ಅಂತ ಕೇಳುವವರು ಕಡಿಮೆ.

ಈಗ ತಮ್ಮ ಅಂಗಳಕ್ಕೆ ಬನ್ನಿ. ಅದೇ ಅಪ್ಪಯ್ಯ ಅದೇ ಮನೆಯಿಂದ ಚಾಲಿ ತಂದು ತಮ್ಮ ವಖಾರಿಯಲ್ಲಿ ಹಾಕಿದ್ರೆ ಏನಾಗ್ತದೆ? ಅವರ ಮಾಲನ್ನ ಬೇರೆಯೇ ಇಟ್ಟು ಅವರ ಹೆಸರಿನಲ್ಲಿ ಲಾಟ್ ಬೀಳ್ತದೆ. ತೂಕ ಅವರ ಎದುರಿಗೇ ಆಗ್ತದೆ. ಅಡಿಕೆಯ ತರಗತಿಗಳಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ, ಬಿಳಿಗೋಟು ಕೆಂಪುಗೋಟು ಕೋಕಾ ಎಲ್ಲ ಬೇರೆ ಬೇರೆ. ಖರೀದಿದಾರರು ಬಂದು ಒಂದೊಂದು ಲಾಟ್ ಮುಟ್ಟಿ ನೋಡಿ ಟೆಂಡರ್ ಬರೀತಾರೆ, ಯಾರು ಎಷ್ಟು ಬರೆದ್ರು ಅಂತ ಆಮೇಲೆ ಗೊತ್ತಾಗ್ತದೆ, ದರ ಒಪ್ಪಿಗೆ ಆಗದಿದ್ರೆ ಕೊಡೂದಿಲ್ಲ ಅನ್ನೂ ಹಕ್ಕು ಬೆಳೆಗಾರನಿಗೆ ಇದೆ. ಅಡಚಣೆ ಇದ್ರೆ ಮಾಲಿನ ಮೇಲೆ ಸಾಲ ಸಿಗ್ತದೆ. ಅಡಿಕೆ ರೇಟು ಬಿದ್ದಾಗ ಬೈತೇವೆ, ಅದು ಬೇರೆ ವಿಷಯ, ಆದ್ರೆ ತೂಕದಲ್ಲಿ ಹೊಡೆದ್ರು ಅಂತ ಮಾತು ಬರೂದಿಲ್ಲ. ಇಷ್ಟು ಚಂದದ ವ್ಯವಸ್ಥೆ ಕಟ್ಟಿದ ಜನ ನಾವು. ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ, ಆ ಕಾಲದಲ್ಲಿ ರೈತರನ್ನ ಕಟ್ಟಿ ಹಾಕಿದ್ದು ಇದೇ ಮುಂಗಡದ ದುಡ್ಡು, ಇದೇ ಮನೆ ಬಾಗಿಲಿಗೆ ಬರೂ ವ್ಯಾಪಾರ. ನೂರು ವರ್ಷ ಆದ ಮೇಲೆ ಅದೇ ಅಂಗಳದಲ್ಲಿ ಕಾಫಿಗೆ ಆ ಹಳೇ ಪದ್ಧತಿ ವಾಪಸ್ ಬಂದು ಕೂತಿದೆ, ನಾವು ನೋಡ್ತಾ ಇದ್ದೇವೆ.

ಒಂದು ಸಂಘದಲ್ಲಿ ಈ ವಿಷಯ ಕೇಳಿದ್ದಕ್ಕೆ, ಯಾವುದು ಅಂತ ಹೇಳೂದು ಬೇಡ, ಸಿಕ್ಕ ಉತ್ತರ: "ಕಾಫಿ ಎಂತದು, ಸೈಡ್ ಬೆಳೆ, ಅದಕ್ಕೆಲ್ಲ ಟೆಂಡರ್ ಮಾಡ್ತಾ ಕೂತ್ರೆ ಆಯ್ತು." ಇನ್ನೊಂದು ಕಡೆ, "ತಂದು ಹಾಕಿ, ಇವತ್ತಿನ ಒಂದು ರೇಟಿದೆ, ಅದ್ರಲ್ಲಿ ತಗೊಳ್ತೇವೆ" ಅಂದ್ರು. ಒಂದು ರೇಟು ಅನ್ನೂದು ಪಿಕಪ್ಪಿಗಿಂತ ವಾಸಿ, ಒಪ್ತೇನೆ. ಆದ್ರೆ ಕೆಂಪು ಹಣ್ಣು ಮಾತ್ರ ಆರಿಸಿ ಕೊಯ್ದು ಟಾರ್ಪಾಲಿನ ಮೇಲೆ ಒಣಗಿಸಿದವರಿಗೂ, ಹಸಿರು ಕಾಯಿ ಸಮೇತ ಒಂದೇ ಸಲ ಸವರಿ ಮಣ್ಣಂಗಳದಲ್ಲಿ ಹರವಿದವರಿಗೂ ಒಂದೇ ರೇಟು ಕೊಟ್ರೆ ಆರಿಸಿ ಕೊಯ್ಯುವವ ಹುಚ್ಚ ಅಷ್ಟೆ. ಆರಿಸಿ ಕೊಯ್ಯೂಕೆ ಒಂದೇ ಗಿಡಕ್ಕೆ ಎರಡು ಮೂರು ಸಲ ಆಳು ಹೋಗ್ಬೇಕು, ಅದೂ ಅಡಿಕೆ ಕೊಯ್ಲಿನ ಹೊತ್ತಲ್ಲೇ.

ನಮ್ಮ ಕಡೆಯ ಕಾಫಿಯ ಹೆಸರು ಕೆಡ್ತಾ ಇರೂದು ಇಲ್ಲೇ ನೋಡಿ. ಬೆಳೆಗಾರರದ್ದು ತಪ್ಪಿಲ್ಲ ಅಂತ ನಾನು ಹೇಳೂದಿಲ್ಲ. ಅಡಿಕೆ ಬೇಯಿಸೂ ಒಲೆ ಪಕ್ಕದಲ್ಲೇ ಹೊಗೆ ತಾಗೂ ಹಾಗೆ ಕಾಫಿ ಒಣಗಿಸ್ತಾರೆ, ತೊಗರಿನ (ಅಡಿಕೆ ಬೇಯಿಸಿದ ರಸದ) ವಾಸನೆ ಹಿಡಿದ ಗೋಣಿಯಲ್ಲೇ ತುಂಬ್ತಾರೆ, ಕಾಫಿ ಬೀಜ ಅಂದ್ರೆ ಪಕ್ಕದಲ್ಲಿದ್ದ ವಾಸನೆ ಎಲ್ಲ ಕುಡಿದುಬಿಡೂ ವಸ್ತು, ಹುರಿದಾಗ ಎಲ್ಲ ಹೊರಗೆ ಬರ್ತದೆ. ತೇವಾಂಶ ಶೇಕಡಾ 11ರ ಆಸುಪಾಸಿಗೆ ಬರೂ ಮೊದ್ಲೇ ಮೂಟೆ ಕಟ್ಟಿದ್ರೆ ಬೂಷ್ಟು ಹಿಡೀತದೆ. ಇದನ್ನೆಲ್ಲ ಹೇಳಿದ್ರೆ ಅವರು ಕೇಳೂ ಪ್ರಶ್ನೆ ಒಂದೇ, "ಚಂದ ಮಾಡಿದ್ರೆ ಹೆಚ್ಚು ಕೊಡ್ತಾರಾ?" ಉತ್ತರ ನನ್ನ ಹತ್ರ ಒಬ್ಬನ ಮಟ್ಟಿಗೆ ಇದೆ, ಊರಿನ ಮಟ್ಟಿಗೆ ಇಲ್ಲ. ಚಾಲಿಯಲ್ಲಿ ಬಣ್ಣ ನೋಡಿ, ಒಡಕು ನೋಡಿ, ಗಾತ್ರ ನೋಡಿ ನೂರು ರೂಪಾಯಿ ವ್ಯತ್ಯಾಸಕ್ಕೆ ಜೀವ ಬಿಡೂ ನಮ್ಮ ಜನಕ್ಕೆ ಕಾಫಿಯಲ್ಲಿ ಗುಣಮಟ್ಟ ಗೊತ್ತಾಗೂದಿಲ್ಲ ಅಂದ್ರೆ ನಾನು ನಂಬೂದಿಲ್ಲ. ಅದಕ್ಕೆ ಬೆಲೆ ಕಟ್ಟೂ ಜಾಗ ಇಲ್ಲ, ಅಷ್ಟೇ.

ಕೊಡಗು ಚಿಕ್ಕಮಗಳೂರಿನವರಿಗೆ ಈ ತೊಂದ್ರೆ ನಮ್ಮಷ್ಟಿಲ್ಲ. ಅವರೂ ಸುಖವಾಗಿದ್ದಾರೆ ಅಂತ ಅಲ್ಲ, ಆದ್ರೆ ಅಲ್ಲಿ ಕಾಫಿಗೆ ಒಂದು ಚರಿತ್ರೆ ಇದೆ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆದದ್ದನ್ನೆಲ್ಲ ಕೇಂದ್ರ ಸರ್ಕಾರದ ಕಾಫಿ ಬೋರ್ಡಿನ ಪೂಲಿಗೇ (ಎಲ್ಲರದ್ದೂ ಒಟ್ಟು ಸೇರಿಸಿ ಮಾರೂ ವ್ಯವಸ್ಥೆಗೇ) ಕೊಡ್ಬೇಕಿತ್ತು, ದುಡ್ಡು ಕಂತಿನಲ್ಲಿ ಬರ್ತಿತ್ತು, ಜನ ಅದನ್ನೂ ಬೈತಿದ್ರು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲ ಮಾಡಿ 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರುಕಟ್ಟೆ ಮಾಡಿದ್ರು. ಅಷ್ಟರಲ್ಲಿ ಅಲ್ಲಿ ಕಾಫಿ ಒಡೆದು ವಿಂಗಡಿಸೂ ಕ್ಯೂರಿಂಗ್ ವರ್ಕ್ಸ್ ಇದ್ವು, ಪ್ಲಾಂಟರ್ಸ್ ಸಂಘಗಳಿದ್ವು, ಔಟ್‌ಟರ್ನ್ ಅಂದ್ರೆ ಏನು ಅಂತ ಮನೆಯ ಹುಡುಗರಿಗೂ ಗೊತ್ತಿತ್ತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಅವರ ಪಕ್ಕದಲ್ಲೇ ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಕಾಫಿ ಬಂದದ್ದು ಮಾರುಕಟ್ಟೆ ಮುಕ್ತ ಆದ ಮೇಲೆ, ಗಿಡ ಬಂತು, ವ್ಯವಸ್ಥೆ ಬರ್ಲಿಲ್ಲ. ಪಹಣಿ ತೆಗೆದು ನೋಡಿದ್ರೆ ಎಷ್ಟೋ ಜನರದ್ದು ಬೆಳೆ ಕಾಲಂನಲ್ಲಿ ಈಗಲೂ ಬರೀ ಅಡಿಕೆ.

ಸೈಡ್ ಬೆಳೆ ಅನ್ನುವವರಿಗೆ ದಕ್ಷಿಣ ಕನ್ನಡದ ಉದಾಹರಣೆ ಕೊಡ್ತೇನೆ, ತಮಗೆಲ್ಲ ಗೊತ್ತಿದ್ದದ್ದೇ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಕ್ಯಾಂಪ್ಕೋ ಅನ್ನೂ ಸಹಕಾರಿ ಸಂಸ್ಥೆ ಆಯ್ತು. ಅಲ್ಲಿಯ ತೋಟಗಳಲ್ಲಿ ಕೋಕೋ ಅನ್ನೂದು ಇದೇ ತರ ಅಡಿಕೆ ಮರದ ಕೆಳಗಿನ ಗಿಡ. ಖಾಸಗಿ ಕಂಪನಿಯವರು ಬೆಳೆಸಿ ಅಂತ ಹೇಳಿ, ಬೆಳೆದ ಮೇಲೆ ಕೊಳ್ಳೂದಕ್ಕೆ ಹಿಂದೆ ಸರಿದಾಗ ರೈತರು ಕಾಯಿ ಹಿಡ್ಕೊಂಡು ನಿಂತಿದ್ರು, ಆಗ ಕ್ಯಾಂಪ್ಕೋ ಕೋಕೋ ಖರೀದಿಗೆ ಇಳೀತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೀತು. ನಾನು ತಮ್ಮನ್ನು ಕಾರ್ಖಾನೆ ಕಟ್ಟಿ ಅಂತ ಕೇಳ್ತಾ ಇಲ್ಲ, ಅಷ್ಟು ದೂರದ ಆಸೆ ನಂಗಿಲ್ಲ. ನಾನು ಕೇಳೂದು ಒಂದು ಟೇಬಲ್ಲು, ಒಂದು ಸಣ್ಣ ಒಡೆಯೂ ಮಷಿನ್ನು, ತೇವಾಂಶ ಅಳೆಯೂ ಒಂದು ಮಾಯಿಶ್ಚರ್ ಮೀಟರ್.

ಬೆಳೆದವರಿಗೆ ನ್ಯಾಯವಾದ ಬೆಲೆ ಕೊಟ್ಟಿದ್ದಾರೆ ಅಂತ ತೋರಿಸೂ ಫೇರ್ ಟ್ರೇಡ್ ಸರ್ಟಿಫಿಕೇಟ್ ಮಾಡಿಸಿದ್ರೆ ಎಲ್ಲ ಸರಿ ಆಗ್ತದೆ ಅಂತ ಕೆಲವರು ಹೇಳ್ತಾರೆ. ಪೇಟೆಯಿಂದ ಬರೂ ಗಿರಾಕಿಗಳೂ ನನ್ನ ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ಆ ಚಿಹ್ನೆ ಹುಡುಕೂದುಂಟು. ಒಳ್ಳೆ ಉದ್ದೇಶದ್ದೇ ಅದು. 1988ರಲ್ಲಿ ನೆದರ್ಲ್ಯಾಂಡ್ಸಿನಲ್ಲಿ ಮೆಕ್ಸಿಕೋದ ಸಣ್ಣ ರೈತರ ಕಾಫಿಗೆ ಅಂತ ಶುರುವಾಗಿದ್ದು, ಮರುವರ್ಷವೇ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡ್ಬಹುದು ಅನ್ನೂ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದು ಬಿದ್ದು ರೇಟು ಪಾತಾಳಕ್ಕೆ ಇಳಿದಾಗ ಅದರ ಬೆಲೆ ಜನಕ್ಕೆ ಗೊತ್ತಾಯ್ತು. ಮಾರ್ಕೆಟ್ ಎಷ್ಟೇ ಬಿದ್ರೂ ಇಷ್ಟಕ್ಕಿಂತ ಕಡಿಮೆ ಕೊಡೂ ಹಾಗಿಲ್ಲ ಅಂತ ಒಂದು ಕನಿಷ್ಠ ದರ, ಅದರ ಮೇಲೆ ಸಂಘದ ಕೆಲಸಕ್ಕೆ ಅಂತ ಒಂದಿಷ್ಟು ಪ್ರೀಮಿಯಂ. 2023ರ ಆಗಸ್ಟಿನಲ್ಲಿ ಒಣಗಿಸಿ ಒಡೆದ ರೊಬಸ್ಟಾ ಬೀಜಕ್ಕೆ ಪೌಂಡಿಗೆ 1.20 ಡಾಲರ್ ಕನಿಷ್ಠ, ಪ್ರೀಮಿಯಂ 20 ಸೆಂಟ್ ಅಂತ ಮಾಡಿದ್ರು. ಆಗಿನ ಡಾಲರ್ ಬೆಲೆಯ ಲೆಕ್ಕದಲ್ಲಿ ಕನಿಷ್ಠ ದರ ಕೆಜಿಗೆ ಇನ್ನೂರಿಪ್ಪತ್ತು ರೂಪಾಯಿ ಆಸುಪಾಸು, ಅದೂ ಹಡಗಿಗೆ ಹತ್ತಿಸೂ ಹೊತ್ತಿನ ರೇಟು, ಅಂಗಳದ್ದಲ್ಲ. ಲಂಡನ್ ರೇಟು ಅದರ ಹೆಚ್ಚುಕಮ್ಮಿ ಎರಡು ಪಟ್ಟು ಇದ್ದ ವರ್ಷ ಅದ್ರಿಂದ ಏನೂ ಆಗೂದಿಲ್ಲ, ಬಿದ್ದಾಗ ಕೈ ಹಿಡೀತದೆ.

ಆದ್ರೆ ಆ ಸರ್ಟಿಫಿಕೇಟ್ ಹನ್ನೊಂದು ಮೂಟೆ ಬೆಳೆದ ಒಬ್ಬ ರೈತನಿಗೆ ಕೊಡೂದಿಲ್ಲ. ಸಣ್ಣ ರೈತರು ಸೇರಿ ಸಂಘ ಆಗಿರ್ಬೇಕು, ಸದಸ್ಯರಿಗೆ ಓಟಿರ್ಬೇಕು, ಯಾರಿಂದ ಎಷ್ಟು ಬಂತು ಯಾರಿಗೆ ಎಷ್ಟು ಹೋಯ್ತು ಅಂತ ಲೆಕ್ಕ ಇರ್ಬೇಕು. ಆಂಧ್ರದ ಅರಕು ಕಣಿವೆಯ ಆದಿವಾಸಿ ರೈತರು ಹಾಗೆ ಸಹಕಾರಿ ಸಂಘ ಕಟ್ಟಿಕೊಂಡೇ ಮುಂದೆ ಬಂದಿದ್ದು, ಅವರ ಕಾಫಿಯ ಅಂಗಡಿ 2017ರಲ್ಲಿ ಪ್ಯಾರಿಸ್ಸಿನಲ್ಲೇ ತೆರೀತು. ನಮ್ಮಲ್ಲಿ ಸಂಘವೂ ಇದೆ, ಓಟೂ ಇದೆ (ಸ್ವಲ್ಪ ಜಾಸ್ತಿನೇ ಇದೆ, ಚುನಾವಣೆ ಬಂದಾಗ ನೋಡ್ಬೇಕು), ಲೆಕ್ಕ ಬರೆಯೂ ಗುಮಾಸ್ತರೂ ಇದ್ದಾರೆ. ಸರ್ಟಿಫಿಕೇಟ್ ಕೊಡುವವರು ಏನೇನು ಇರ್ಬೇಕು ಅಂತ ಕೇಳ್ತಾರೋ ಅದ್ರಲ್ಲಿ ಎಷ್ಟೋ ಅಡಿಕೆಗೆ ನಮ್ಮ ಹತ್ರ ಆಗ್ಲೇ ಇದೆ. ಕಾಫಿಗೆ ಅದನ್ನ ವಿಸ್ತರಿಸಿಲ್ಲ, ಅಷ್ಟಕ್ಕೇ ನನ್ನ ತಕರಾರು. ಚಿಹ್ನೆ ಆಮೇಲೆ ಬೇಕಾದ್ರೆ ನೋಡುವ.

ಇನ್ನೊಂದು ಕಾರಣ ಇದೆ, ಇದು ಮುಂದೆ ಕುತ್ತಿಗೆಗೆ ಬರೂ ವಿಷಯ. ಭಾರತದ ಕಾಫಿಯಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಹೊರದೇಶಕ್ಕೆ ಹೋಗ್ತದೆ, ಇಟಲಿ ಜರ್ಮನಿ ದೊಡ್ಡ ಗಿರಾಕಿಗಳು. ಯುರೋಪಿನ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋರಿಸ್ಬೇಕು, ಯಾವ ತೋಟದ್ದು ಅಂತ ನಕ್ಷೆಯ ಗುರುತು ಸಮೇತ. ಜಾರಿ ಮಾಡೂ ದಿನ ಮುಂದೂಡ್ತಾ ಬಂದಿದ್ದಾರೆ, ಆದ್ರೆ ಕಾನೂನು ಹೋಗಿಲ್ಲ. ನಮ್ಮ ತೋಟಗಳ ಸುತ್ತ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೂ ಜಾಗ), ಅದರಾಚೆ ಕಾಡು. ಪಿಕಪ್ಪಿನಲ್ಲಿ ಹತ್ತು ಮನೆ ಕಾಫಿ ಕಲಸಿಕೊಂಡು ಹೋದ ಮೇಲೆ ಯಾವುದು ಅಜ್ಜನ ಕಾಲದ ಭಾಗಾಯ್ತಿನದ್ದು, ಯಾವುದು ನಿನ್ನೆ ಬೆಟ್ಟ ಸವರಿ ಹಚ್ಚಿದ್ದು ಅಂತ ಯಾರು ಹೇಳ್ತಾರೆ? ಒಬ್ಬಿಬ್ಬರು ಮಾಡಿದ್ದಕ್ಕೆ ಇಡೀ ಸೀಮೆಯ ಮಾಲು ಬೇಡ ಅಂದ್ರೆ ಆಶ್ಚರ್ಯ ಇಲ್ಲ. ಸದಸ್ಯರ ಸರ್ವೆ ನಂಬರ್ ಸಾಲದ ಫೈಲಿನಲ್ಲಿ ತಮ್ಮ ಹತ್ರ ಇದ್ದೇ ಇದೆ. ಲಾಟಿಗೆ ಅದನ್ನ ಬರೆದ್ರೆ ಆಯ್ತು.

ಹಾಗಾಗಿ ನನ್ನ ಕೋರಿಕೆ ಹೀಗಿದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ವಾರಕ್ಕೊಂದು ದಿನ, ಒಂದೇ ದಿನ ಸಾಕು, ತಮ್ಮ ವಖಾರಿಯಲ್ಲಿ ಕಾಫಿ ಟೆಂಡರ್ ಮಾಡಿ. ಬೆಳೆಗಾರನ ಹೆಸರಿನಲ್ಲೇ ಲಾಟ್ ಬೀಳ್ಲಿ, ಐದು ಕೆಜಿ ಇದ್ರೂ ಸರಿ ಐವತ್ತು ಮೂಟೆ ಇದ್ರೂ ಸರಿ. ಪ್ರತಿ ಲಾಟಿನಿಂದ ಒಂದು ಕೆಜಿ ತೆಗೆದು ಅವರ ಎದುರೇ ಒಡೆದು ತೂಗಿ, ತೇವಾಂಶ ನೋಡಿ, ಎರಡು ಅಂಕಿಯನ್ನೂ ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಒಂದ್ವೇಳೆ ದರ ಸರಿ ಬರದೆ ಅವರು ಮಾಲು ವಾಪಸ್ ಒಯ್ದ್ರೂ ಆ ಚೀಟಿ ಅವರ ಹತ್ರ ಇರ್ತದೆ, ಮರುದಿನ ಮನೆಗೆ ಬಂದ ಪಿಕಪ್ಪಿನವನ ಮುಖಕ್ಕೆ ಹಿಡೀಬಹುದು. ನನ್ನ ಕೇಳಿದ್ರೆ ಟೆಂಡರಿಗಿಂತಲೂ ಆ ಚೀಟಿನೇ ದೊಡ್ಡದು. ಗೋಣಿ ತೂಕ ಖಾಲಿ ಗೋಣಿ ತೂಗಿಯೇ ಕಳೀರಿ. ಕಾಫಿ ಬೋರ್ಡ್ ದಿನಾ ಹಾಕೂ ಮಾರುಕಟ್ಟೆ ದರವನ್ನ ಅಡಿಕೆ ದರದ ಪಕ್ಕದಲ್ಲೇ ತಮ್ಮ ಕಪ್ಪುಹಲಗೆಗೆ ಬರೀರಿ, ಬಳಪಕ್ಕೆ ಏನು ಖರ್ಚು. ಮತ್ತೆ ಕೊಯ್ಲಿನ ಸಂಬಳಕ್ಕೆ ಅಂತ ಮಾಲಿನ ಮೇಲೆ ಸಣ್ಣ ಮುಂಗಡ, ಅಡಿಕೆಗೆ ಕೊಡೂ ಹಾಗೆ. ಅದೊಂದು ಇಲ್ಲದಿದ್ರೆ ಉಳಿದದ್ದು ಎಷ್ಟು ಚಂದ ಮಾಡಿದ್ರೂ ಕಾಫಿ ತಮ್ಮಲ್ಲಿಗೆ ಬರೂದಿಲ್ಲ, ಯಾಕಂದ್ರೆ ಜನವರಿಯಲ್ಲಿ ಯಾರು ದುಡ್ಡು ಕೊಟ್ರೋ ಫೆಬ್ರವರಿಯಲ್ಲಿ ಮೂಟೆ ಅವರದ್ದು.

ಖರೀದಿಗೆ ಜನ ಬರ್ತಾರಾ ಅಂತ ತಾವು ಕೇಳ್ಬಹುದು. ದೊಡ್ಡವರು ಹಾಸನ ಚಿಕ್ಕಮಗಳೂರಿನಿಂದ ಬರ್ತಾರೆ, ಈಗ್ಲೂ ಈ ಮಾಲು ಕಡೆಗೆ ಹೋಗಿ ಸೇರೂದು ಆ ಕಡೆಯ ಕ್ಯೂರಿಂಗ್ ವರ್ಕ್ಸಿಗೇ ಅಲ್ವಾ. ಸಣ್ಣವರು ನಾವಿದ್ದೇವೆ. ನಾನೊಬ್ಬ ವರ್ಷಕ್ಕೆ ಕೊಳ್ಳೂದು ಕೆಲವು ಕ್ವಿಂಟಲ್, ಅದ್ರಿಂದ ಸೀಮೆ ಉದ್ಧಾರ ಆಗೂದಿಲ್ಲ ಅಂತ ಗೊತ್ತಿದೆ. ಆದ್ರೆ ಗೋಕರ್ಣದಿಂದ ಕಾರವಾರದವರೆಗೆ ಎಷ್ಟು ಹೋಟೆಲು, ಎಷ್ಟು ಹೋಮ್‌ಸ್ಟೇ. ಅಲ್ಲಿ ಬಂದ ಪ್ರವಾಸಿಗರು ಲೋಕಲ್ ಕಾಫಿ ಇದ್ಯಾ ಅಂತ ಕೇಳ್ತಾರೆ, ಕೊಡೂದು ಹೊರಗಿನಿಂದ ಬಂದ ಪುಡಿ. ಚಿಕೋರಿ ಹಾಕಿದ ಕಾಫಿ ಪುಡಿಯಲ್ಲಿ ಕಾಫಿ ಶೇಕಡಾ 51 ಇದ್ರೆ ಕಾನೂನಿಗೆ ಸಾಕು, ಉಳಿದ 49 ಚಿಕೋರಿ ಇರ್ಬಹುದು, ಪ್ಯಾಕೆಟ್ ಮೇಲೆ ಬರೆದಿರ್ತದೆ. ಚಿಕೋರಿ ಕೆಟ್ಟದ್ದು ಅಂತಲ್ಲ, ಫಿಲ್ಟರ್ ಕಾಫಿಯ ದಪ್ಪ ಬರೂದೇ ಅದ್ರಿಂದ, ನಾನೂ ಕೇಳಿದವರಿಗೆ ಹಾಕಿ ಕೊಡ್ತೇನೆ. ಆದ್ರೆ ದೇವಿಮನೆ ಘಾಟಿ ಇಳಿದ್ರೆ ಸಿಗೂ ಊರುಗಳಿಗೆ ಘಾಟಿ ಮೇಲಿನ ಕಾಫಿ ನಾಲ್ಕು ಜಿಲ್ಲೆ ಸುತ್ತಿ ಬರ್ಬೇಕಾ? ತಮ್ಮಲ್ಲಿ ಟೆಂಡರ್ ಇದ್ರೆ ನಾನು ಒಬ್ಬನೇ ಬರೂದಿಲ್ಲ, ಕರಾವಳಿಯಲ್ಲಿ ಹುರಿದು ಮಾರೂ ನಾಲ್ಕು ಜನರನ್ನ ಕರ್ಕೊಂಡು ಬರ್ತೇನೆ.

ಮತ್ತೆ ನನ್ನ ಕಡೆಯಿಂದ ಮಾತು ಕೊಡ್ತೇನೆ, ಬರೀ ಕೇಳಿದ್ರೆ ಆಗೂದಿಲ್ಲ. ತಮ್ಮಲ್ಲಿ ಕೊಂಡ ಲಾಟಿಗೆ ಎಂಟು ದಿನದೊಳಗೆ ದುಡ್ಡು ಸಂಘದ ಖಾತೆಗೆ ಹಾಕ್ತೇನೆ. ಕೆಂಪು ಹಣ್ಣು ಮಾತ್ರ ಕೊಯ್ದ ಲಾಟಿಗೆ ಆ ದಿನದ ದರಕ್ಕಿಂತ ಕೆಜಿ ಬೀಜಕ್ಕೆ 30 ರೂಪಾಯಿ ಹೆಚ್ಚು ಬರೀತೇನೆ, ಅದನ್ನ ಮೊದ್ಲೇ ನೋಟೀಸ್ ಬೋರ್ಡಿಗೆ ಹಾಕಿ ಬೇಕಾದ್ರೆ. ಬೆಳೆದವರಿಗೆ ಎಷ್ಟು ಕೊಟ್ಟೆ ಅನ್ನೂದನ್ನ ನನ್ನ ಪ್ಯಾಕೆಟ್ಟಿನ ಮೇಲೆ ಬರೀತೇನೆ, ನಾನು ಎಷ್ಟಕ್ಕೆ ಮಾರ್ತೇನೆ ಅನ್ನೂದರ ಪಕ್ಕದಲ್ಲೇ. ಹೆಚ್ಚುಕಮ್ಮಿ ಐದು ಕೆಜಿ ಹಣ್ಣಿಗೆ ಒಂದು ಕೆಜಿ ಬೀಜ, ಹುರಿದಾಗ ಮತ್ತೆ ಅದ್ರಲ್ಲಿ ಶೇಕಡಾ 15ರಿಂದ 20 ತೂಕ ಹೋಗ್ತದೆ, ಗ್ಯಾಸು, ಕರೆಂಟು, ಪ್ಯಾಕೆಟ್ಟು, ಅಂಗಡಿ ಬಾಡಿಗೆ ಎಲ್ಲ ಸೇರಿದ ಮೇಲೆ ನನ್ನ ಲಾಭ ಎಷ್ಟು ಅಂತ ಗಿರಾಕಿಯೂ ಲೆಕ್ಕ ಹಾಕ್ಲಿ, ಬೆಳೆದವರೂ ಹಾಕ್ಲಿ, ನಂಗೆ ಮುಚ್ಚಿಡೂದು ಏನಿಲ್ಲ.

ಈ ರೇಟು ಹೀಗೇ ಇರೂದಿಲ್ಲ ಅಂತ ತಮಗೂ ಗೊತ್ತು ನಂಗೂ ಗೊತ್ತು. ವೆನಿಲ್ಲಾ ಕಥೆ ಯಾರೂ ಮರೆತಿಲ್ಲ, ರೇಟು ಏರಿದಾಗ ರಾತ್ರಿ ಬಳ್ಳಿ ಕಾಯೂಕೆ ಟಾರ್ಚ್ ಹಿಡಿದು ಕೂತವರೇ ಎರಡು ಮೂರು ವರ್ಷದಲ್ಲಿ ರೇಟು ಬಿದ್ದ ಮೇಲೆ ಅದನ್ನ ಕಿತ್ತು ಗೊಬ್ಬರಗುಂಡಿಗೆ ಹಾಕಿದ್ರು. ಕಾಫಿ ರೇಟು ಇಳಿದ ದಿನ ಪಿಕಪ್ ಬರೂದು ನಿಲ್ತದೆ. ವ್ಯವಸ್ಥೆ ಮಾಡೂದಾದ್ರೆ ರೇಟು ಇದ್ದಾಗಲೇ ಮಾಡ್ಬೇಕು, ಬಿದ್ದ ಮೇಲೆ ಯಾರಿಗೂ ಉತ್ಸಾಹ ಇರೂದಿಲ್ಲ, ಸಂಘಕ್ಕೂ ಇರೂದಿಲ್ಲ.

ಇದನ್ನ ತಮ್ಮ ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿ ಅಂತ ಕೈ ಮುಗಿದು ಕೇಳ್ತೇನೆ. ಆಗೂದಿಲ್ಲ ಅಂತಾದ್ರೆ ಯಾಕೆ ಆಗೂದಿಲ್ಲ ಅಂತ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರ ಎದುರು ಹೇಳಿ, ಅಲ್ಲಿ ಕೂತವರಲ್ಲಿ ಕಾಫಿ ಬೆಳೆದವರೇ ಎಷ್ಟೋ ಜನ ಇರ್ತಾರೆ, ಅವರೇ ಮುಂದಿನದ್ದು ಕೇಳ್ತಾರೆ. ಆಗ್ತದೆ ಅಂತಾದ್ರೆ ನವೆಂಬರ್ ಒಳಗೆ ಒಡೆಯೂ ಮಷಿನ್ನು ಮತ್ತೆ ಮೀಟರ್ ಬಂದಿರ್ಲಿ, ಯಾಕಂದ್ರೆ ಡಿಸೆಂಬರಿಗೆ ಹಣ್ಣು ಕೆಂಪಾಗೂಕೆ ಶುರುವಾಗ್ತದೆ. ಮಷಿನ್ನು ಯಾವುದು ತರ್ಬೇಕು, ಎಲ್ಲಿ ಸಿಗ್ತದೆ ಅನ್ನೂದಕ್ಕೆ ಓಡಾಟ ಬೇಕಿದ್ರೆ ನಾನು ನನ್ನ ಖರ್ಚಿನಲ್ಲಿ ಬರ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕುಮಟಾದ ಒಬ್ಬ ಕಾಫಿ ಪುಡಿ ವ್ಯಾಪಾರಿ